‘ಇನ್ನೊಮ್ಮೆ ಸೆಲ್ಫ್ ಹೊಡಿ’ ಅನ್ನವರ ಮಾತು ಕೇಳಬ್ಯಾಡ್ರಿ

ವೈನಿಯರ, ಚಿಗವ್ವಗೋಳ, ಓಣ್ಯಾಗಿನ ಅಕ್ಕ-ತಂಗೇರ, ಪಂಚಮಿ ಹತ್ರ ಬಂತು. ಉಂಡಿ ಕಟ್ಟೂ ಗದ್ದಲದಾಗ ಅದೀರಿ ಅಂತ ಗೊತ್ತೈತಿ. ಆದ್ರೂ ಶೇಂಗಾ ಹುರಿಯೂದು ಅರ್ಧ ತಾಸು ಬದಿಗಿಟ್ಟು ಇದನ್ನ ಓದ್ರಿ. ಯಾಕಂದ್ರ ನಾವು ತವರಿಗೆ ಹೋಗೂದು ಇದೇ ಮಳ್ಯಾಗ, ಇದೇ ಕಾರಿನ್ಯಾಗ, ಇದೇ ಹಳ್ಳ ದಾಟಿ.

ನಾ ಹೇಳೂದು ಇಷ್ಟೇ. ದೊಡ್ಡ ಮಳಿ ಆದಮ್ಯಾಲೆ ಕಾರು ಚಾಲೂ ಆಗಲಿಲ್ಲ ಅಂದ್ರ, ಅದರ ಮುಂದ ನಿಂತು ‘ಇನ್ನೊಮ್ಮೆ ಸೆಲ್ಫ್ ಹೊಡಿ’ ಅನ್ನೂ ಮಂದಿ ಬಾಯಿ ಮುಚ್ಚಸೂವಷ್ಟು ತಿಳುವಳಿಕೆ ಮನಿ ಹೆಣ್ಮಕ್ಕಳಿಗೆ ಇರಬೇಕು. ಇದು ಮೆಕ್ಯಾನಿಕ್ ಆಗೂ ಮಾತಲ್ಲ. ರಿಪೇರಿ ಮಾಡವ ಬ್ಯಾರೇನ ಇರ್ತಾನ. ಆದ್ರ ಅವ ಬರೂತನಕ ಕಾರು ಕೆಡದಂಗ ನೋಡಿಕೊಳ್ಳೂದು ಮನಿಯವರ ಕೆಲಸ, ಮತ್ತ ಮನಿಯವರು ಅಂದ್ರ ನಾವೂ ಹೌದು.

ಕಾರು ಅಂದ್ರ ಗಂಡಸರ ಜಹಗೀರು ಅಂತ ಯಾರು ಬರಕೊಟ್ಟಾರೋ ನನಗ ಗೊತ್ತಿಲ್ಲ. ಕಂತು ಕಟ್ಟೂ ಮುಂದ ಅದು ‘ನಮ್ಮ ಕಾರು’. ದಸರಾಕ್ಕ ಪೂಜಿ ಮಾಡಿ ಲಿಂಬಿಹಣ್ಣು ಇಡೂ ಮುಂದ ‘ನಿಮ್ಮ ಕಾರು’. ಬಾನೆಟ್ ತಗದ ಕೂಡಲೇ ಮಾತ್ರ ‘ನೀ ಒಳಗ ಹೋಗು, ನಿನಗ ತಿಳಿಯಂಗಿಲ್ಲ’. ನಾವೂ ಸೆರಗು ಕೊಡವಿಕೊಂಡು ಒಳಗ ಹೋಗಿಬಿಡ್ತೀವಿ. ಕುಕ್ಕರಿನ ಸೀಟಿ ಬರಲಿಲ್ಲ ಅಂದ್ರ ಗ್ಯಾಸ್ಕೆಟ್ ಸಡಿಲ ಆಗೈತೋ, ತೂಕದ ತೂತಿನ್ಯಾಗ ಬ್ಯಾಳಿ ಸಿಕ್ಕೈತೋ ಅಂತ ಸಪ್ಪಳದ ಮ್ಯಾಲೆ ಹೇಳವರು ನಾವು. ಮಿಕ್ಸರ್ ಬಂದ್ ಬಿದ್ರ ತಳದಾಗಿನ ಕೆಂಪು ಗುಂಡಿ ಒತ್ತವರು ನಾವು. ಗ್ಯಾಸಿನ ವಾಸನಿ ಬಂದ್ರ ದೀಪದ ಸ್ವಿಚ್ ಮುಟ್ಟಬ್ಯಾಡ್ರಿ ಅಂತ ಮನಿ ಮಂದಿಗೆಲ್ಲ ಚೀರಿ ಹೇಳವರೂ ನಾವೇ. ಇಷ್ಟೆಲ್ಲ ತಿಳಿಯೂ ತಲಿಗೆ ಕಾರಿನ ಮುಂದ ಹೋದ ಕೂಡಲೇ ಮಂಕು ಕವಿತೈತೇನು?

ಇತಿಹಾಸ ನೋಡಿದ್ರ ಈ ಮಾತು ಇನ್ನೂ ಸುಳ್ಳು. ಕಾರಿನ ಮೊದಲನೇ ದೊಡ್ಡ ಪ್ರಯಾಣ ಮಾಡಿದಾಕಿ ಹೆಣ್ಮಗಳು. 1888ರ ಆಗಸ್ಟ್‌ನ್ಯಾಗ ಜರ್ಮನಿಯ ಬೆರ್ಥಾ ಬೆಂಜ್ ಗಂಡಗ ಹೇಳದನ ಎರಡು ಗಂಡುಮಕ್ಕಳನ್ನ ಕರಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, 100 ಕಿಲೋಮೀಟರಿಗಿಂತ ಹೆಚ್ಚು ದೂರ, ಗಾಡಿ ಹೊಡಕೊಂಡು ಹೋದಳು. ಎಲ್ಲಿಗೆ ಅಂತೀರಿ? ತವರಿಗೆ! ಅವರವ್ವನ ಮನಿಗೆ. ದಾರ್ಯಾಗ ಇಂಧನದ ಕೊಳವಿ ಕಟ್ಟಿದಾಗ ಟೋಪಿಗೆ ಚುಚ್ಚೂ ಸೂಜಿಯಿಂದ ಬಿಡಿಸಿದಳು. ತಂತಿ ತೇದಾಗ ಕಾಲಚೀಲದ ಪಟ್ಟಿ ಸುತ್ತಿದಳು. ಬ್ರೇಕ್ ಸವದಾಗ ಚಮ್ಮಾರನ ಕಡೆ ತೊಗಲು ಹಚ್ಚಿಸಿದಳು. ಮಳ್ಯಾಗ ಗಾಜು ಒರಸೂ ವೈಪರ್‌ಗೆ 1903ರಾಗ ಅಮೆರಿಕಾದಾಗ ಪೇಟೆಂಟ್ ಪಡದಾಕಿ ಮೇರಿ ಆಂಡರ್ಸನ್ ಅನ್ನೂ ಹೆಣ್ಮಗಳು. ದೂರ ಯಾಕ ಹೋಗಬೇಕು, ನಮ್ಮ ಹುಬ್ಬಳ್ಳಿ ಬಿ.ವಿ.ಬಿ. ಕಾಲೇಜಿನ್ಯಾಗ ಕಲಿತ ಸುಧಾ ಕುಲಕರ್ಣಿ, ಅಂದ್ರ ಈಗಿನ ಸುಧಾ ಮೂರ್ತಿ, 1974ರಾಗ ಟೆಲ್ಕೋ ಕಂಪನಿ ಜಾಹೀರಾತಿನ್ಯಾಗ ‘ಹೆಣ್ಮಕ್ಕಳು ಅರ್ಜಿ ಹಾಕಬಾರದು’ ಅಂತ ಇದ್ದದ್ದು ನೋಡಿ ಸಿಟ್ಟಿಗೆದ್ದು ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರದಳು. ಕೆಲಸಾನೂ ಪಡದಳು. ಮೋಟಾರು ಮಾಡೂ ಕಾರ್ಖಾನಿ ಬಾಗಿಲಾ ಆಕಿ ಒಂದು ಪೋಸ್ಟ್ ಕಾರ್ಡಿನಿಂದ ತಗಸಿದ್ರ, ನಮ್ಮ ಅಂಗಳದಾಗ ನಿಂತ ಕಾರಿನ ಬಾನೆಟ್ ತಗಿಯಾಕ ನಮಗೇನು ಅಡ್ಡಿ?

ಇನ್ನ ಯಾಕ ಇಷ್ಟು ಕಾವು ಅಂತ ಕೇಳಬಹುದು. ನಮ್ಮ ಅಕ್ಕನ ಮನ್ಯಾಗ ಆದದ್ದು ಕೇಳ್ರಿ. ಅವರ ಬಡಾವಣಿ ತಗ್ಗಿನ್ಯಾಗ ಐತಿ. ರಾತ್ರಿಯೆಲ್ಲ ಮಳಿ ಹೊಡದು, ಹೊರಗ ನಿಲ್ಲಿಸಿದ ಕಾರಿನೊಳಗ ಸೀಟಿನ ಮಟ ನೀರು ಬಂದು, ಮುಂಜಾನೆ ಇಳದಿತ್ತು. ಬಾಗಿಲದ ಮ್ಯಾಲೆ ಕೆಸರಿನ ಗೆರಿ ರಂಗೋಲಿ ಎಳದಂಗ ಕಾಣತಿತ್ತು. ಭಾವ ಚಾವಿ ಹಿಡಕೊಂಡು ಹೊಂಟಾಗ ಅಕ್ಕ ಒಂದೇ ಮಾತು ಅಂದಳು: ‘ನೀರಾಗ ಬಿದ್ದ ಮಿಕ್ಸರಿಗೆ ಯಾರರ ಪ್ಲಗ್ ಹಚ್ಚತಾರೇನ್ರಿ? ಮೊದಲ ಯಾರನ್ನರ ಕೇಳ್ರಿ.’ ಅಲ್ಲೆ ನಿಂತಿದ್ದ ನಾಲ್ಕು ಮಂದಿ ಗಂಡಸರು ನಕ್ಕರು. ‘ಮಿಕ್ಸರಂತ!’ ಒಬ್ಬರು ‘ಸೆಲ್ಫ್ ಹೊಡಿ’ ಅಂದ್ರು, ಇನ್ನೊಬ್ಬರು ‘ಆಕ್ಸಿಲರೇಟರ್ ಒತ್ತಿ ಹೊಡಿ’ ಅಂದ್ರು. ನಾಲ್ಕನೇ ಸಲಕ್ಕ ಬುರ್ರ್ ಅಂತ ಹತ್ತಿದಂಗ ಆತು. ‘ಹತ್ತಿತು, ಹತ್ತಿತು’ ಅಂತ ಚೀರಿದ್ರು. ಆಮ್ಯಾಲೆ ಒಳಗಿಂದ ಧಡಕ್ ಅಂತ ಒಂದು ಸಪ್ಪಳ. ಮುಗೀತು.

ಗ್ಯಾರೇಜಿನ್ಯಾಗ ಇಂಜಿನ್ ಬಿಚ್ಚಿದಾಗ ಒಳಗಿನ ಕನೆಕ್ಟಿಂಗ್ ರಾಡ್ ಡೊಂಕಾಗಿತ್ತು. ವಿಮಾ ಕಂಪನಿಯವರು ಬಂದು ನೋಡಿ, ಒಳಗಿನ ಸೀಟು, ವಾಯರಿಂಗ್ ಖರ್ಚು ಕೊಡ್ತೀವಿ, ಇಂಜಿನ್‌ದು ಕೊಡಂಗಿಲ್ಲ, ನೀವು ಚಾಲೂ ಮಾಡಿದ್ದಕ್ಕ ಕೆಟ್ಟೈತಿ ಅಂದ್ರು. ಲಕ್ಷದ ಮ್ಯಾಲಿನ ಬಿಲ್. ಅದಕ್ಕ ಬ್ಯಾಂಕಿನ್ಯಾಗ ಅಡ ಇಟ್ಟದ್ದು ಯಾವುದು ಗೊತ್ತೇನು? ಅಕ್ಕನ ಬಿಲ್ವಾರ. ನಕ್ಕ ನಾಲ್ಕು ಮಂದ್ಯಾಗ ಒಬ್ಬರೂ ತಮ್ಮ ಉಂಗುರ ಬಿಚ್ಚಿ ಕೊಡಲಿಲ್ಲ. ‘ಹೆಂಗಸರ ಬುದ್ಧಿ ಮೊಣಕಾಲ ಕೆಳಗ’ ಅಂತ ಗಾದಿ ಕಟ್ಟಿದಾರಲ್ಲ, ನೀರು ಮೊಣಕಾಲ ಮ್ಯಾಲೆ ಬಂದ ಮುಂಜಾನೆ ಯಾರ ಬುದ್ಧಿ ಎಲ್ಲೆ ಇತ್ತು ಅಂತ ನೀವೇ ಹೇಳ್ರಿ.

ಅಕ್ಕನ ಮಿಕ್ಸರಿನ ಮಾತು ಹೆಂಗ ಖರೆ ಅನ್ನೂದನ್ನ ಈಗ ನೋಡೂಣು. ಓಕುಳಿಯಾಗ ಹುಡುಗರು ಹಿಡಿಯೂ ಪಿಚಕಾರಿ ತಗೋರಿ. ಖಾಲಿ ಪಿಚಕಾರಿ ಬಾಯಿ ಬೆರಳಿಂದ ಮುಚ್ಚಿ ಒತ್ರಿ, ಒಳಗಿನ ಗಾಳಿ ಕುಗ್ಗತೈತಿ, ದಂಡಿ ಒಳಗ ಹೋಗತೈತಿ. ನೀರು ತುಂಬಿ, ಬಾಯಿ ಮುಚ್ಚಿ ಒತ್ರಿ, ಒಂದು ಕೂದಲೆಳಿ ಸರಿಯಂಗಿಲ್ಲ. ನೀರು ಕುಗ್ಗಂಗಿಲ್ಲ. ಇಂಜಿನ್ ಅಂದ್ರ ಇಂಥಾ ನಾಲ್ಕು, ಮೂರು ಪಿಚಕಾರಿ ಅಷ್ಟೇ. ಪೆಟ್ರೋಲ್ ಗಾಡ್ಯಾಗ ಒಳಗಿನ ಗಾಳಿಯನ್ನ ಸುಮಾರು ಹತ್ತರಾಗ ಒಂದು ಪಾಲಿಗೆ ಒತ್ತತಾವು. ಡೀಸೆಲ್ ಗಾಡ್ಯಾಗ ಇನ್ನೂ ಬಿಗಿ, ಹದಿನೈದರಿಂದ ಹದಿನೆಂಟರಾಗ ಒಂದು ಪಾಲು. ಆ ಜಾಗಾದಾಗ ಗಾಳಿ ಬದಲಿ ನೀರು ಕುಂತಿದ್ರ ಅದು ಸರಿಯಂಗಿಲ್ಲ. ಒತ್ತೂ ಕಬ್ಬಿಣದ ದಂಡೀನೇ ಡೊಂಕಾಗತೈತಿ, ಇಲ್ಲಾ ಮುರದು ಇಂಜಿನ್ ಒಡಕೊಂಡು ಹೊರಗ ಬರತೈತಿ. ಮೆಕ್ಯಾನಿಕ್ ಮಂದಿ ಇದಕ್ಕ ಹೈಡ್ರೋಲಾಕ್ ಅಂತಾರ. ಚಾವಿ ತಿರುವದಿದ್ರ ಆ ನೀರು ಒಳಗ ಸುಮ್ಮನ ಕುಂತಿರತೈತಿ. ಮೆಕ್ಯಾನಿಕ್ ಪ್ಲಗ್ ಬಿಚ್ಚಿ, ಇಂಜಿನ್ ಕೈಲೆ ತಿರುವಿ ನೀರು ಹೊರಗ ಹಾಕಿ, ಎಣ್ಣಿ, ಫಿಲ್ಟರ್ ಬದಲಿ ಮಾಡಿದ್ರ ಭಾಳ ಸಲ ಗಾಡಿ ಉಳೀತೈತಿ. ನೀರು ಕೆಡಸೂದಕ್ಕಿಂತ ನಮ್ಮ ಅವಸರ ಕೆಡಸೂದು ಹೆಚ್ಚು.

ಅದಕ್ಕ ಮಳಿ ಮರುದಿನ ಚಾವಿ ಮುಟ್ಟೂಕಿಂತ ಮೊದಲ ಕೇಳೂ ಪ್ರಶ್ನಿ ಒಂದೇ: ನೀರು ಎಲ್ಲಿ ಮಟ ಬಂದಿತ್ತು?

ಬಾಗಿಲಾ ತಗದು ಕಾಲ ಕೆಳಗಿನ ಹಾಸು ಒತ್ತಿ ನೋಡ್ರಿ. ಹಿಂಡಿದ್ರ ನೀರು ಬರೂವಂಗಿದ್ರ, ಹೊರಗ ಕೆಸರಿನ ಗೆರಿ ಬಾಗಿಲದ ಹೊಸ್ತಿಲದಕಿಂತ ಮ್ಯಾಲೆ ಇದ್ರ, ಇಲ್ಲಾ ಹಿಂದಿನ ದಿವಸ ಕಾರು ನೀರಾಗ ಹೋಗೂ ಮುಂದನೇ ಬಂದ್ ಬಿದ್ದಿದ್ರ, ಚಾವಿ ನಿಮ್ಮ ಉಡಿಯಾಗ ಕಟ್ಟಿಕೋರಿ. ಯಾರು ಕೇಳಿದ್ರೂ ಕೊಡಬ್ಯಾಡ್ರಿ. ಬಾನೆಟ್ ತಗದು ಬ್ಯಾಟರಿಯ ಕಪ್ಪು ತಂತಿ, ಅಂದ್ರ ಮೈನಸ್ ಗುರುತಿಂದು, ಮೊದಲ ಬಿಚ್ಚಿಸ್ರಿ. ಭಾಳ ಕಾರಿಗೆ 10 ನಂಬರ್ ಪಾನಾ ಸಾಕು. ಆಮ್ಯಾಲೆ ಗಾಳಿ ಫಿಲ್ಟರಿನ ಪೆಟಗಿ ತಗಸಿ ನೋಡ್ರಿ. ಕಪ್ಪು ಪ್ಲಾಸ್ಟಿಕ್ ಡಬ್ಬಿ, ಮ್ಯಾಲೆ ಕ್ಲಿಪ್ಪು ಇಲ್ಲಾ ಸ್ಕ್ರೂ ಇರತಾವು. ಒಳಗಿನ ಕಾಗದದ ಫಿಲ್ಟರ್ ಒದ್ದಿ ಆಗಿದ್ರ ನೀರು ಇಂಜಿನ್ ಬಾಗಲಾ ಮುಟ್ಟೈತಿ ಅಂತನೇ ತಿಳೀಬೇಕು. ಅದು ಒಣಗಿದ್ದದ್ದು ಕಂಡ ಮಾತ್ರಕ್ಕ ಚಾವಿ ತಿರುವಾಕ ಪರವಾನಗಿ ಸಿಕ್ಕಂಗ ಅಲ್ಲ. ಇಂಜಿನ್ ಎಣ್ಣಿ ನೋಡೂ ಉದ್ದನ ಕಡ್ಡಿ, ಅದರ ಹಿಡಿಕಿ ಭಾಳ ಗಾಡ್ಯಾಗ ಹಳದಿ ಬಣ್ಣದ್ದು, ಹೊರಗ ಎಳದು ನೋಡ್ರಿ. ಎಣ್ಣಿ ಕಂದು, ಕಪ್ಪು ಇರಬೇಕು. ಹಾಲು ಹಾಕಿದ ಚಹಾದಂಗ ಬೆಳ್ಳಗ ಕಂಡ್ರ ಎಣ್ಣ್ಯಾಗ ನೀರು ಕೂಡೈತಿ. ಹಂಗಿದ್ರ ಟೋ ಗಾಡಿ ಒಂದೇ ದಾರಿ. ಅಟೋಮ್ಯಾಟಿಕ್ ಗೇರಿನ ಕಾರನ್ನ ಹಗ್ಗ ಕಟ್ಟಿ ಎಳಸಬ್ಯಾಡ್ರಿ, ಲಾರಿ ಮ್ಯಾಲೆ ಏರಿಸಿ ಒಯ್ಯಲಿ. ಬ್ಯಾಟರಿ ಮ್ಯಾಲೆ ಓಡೂ ಕಾರು, ಹೈಬ್ರಿಡ್ ಕಾರು ಇದ್ರ ಅದರ ಕೇಸರಿ ಬಣ್ಣದ ದಪ್ಪ ತಂತಿ ಯಾರೂ ಮುಟ್ಟಬಾರದು. ಅದರಾಗ ಮನಿ ಕರೆಂಟಿನಕಿಂತ ಹೆಚ್ಚು ಜೋರಿನ ವಿದ್ಯುತ್ ಇರತೈತಿ.

‘ತಳ್ಳಿದ್ರ ಹತ್ತತೈತಿ’ ಅಂತ ಹತ್ತು ಹುಡುಗರನ್ನ ಕರಕೊಂಡು ಬರೂ ಉಪಕಾರಿಗಳು ಪ್ರತಿ ಓಣ್ಯಾಗ ಇರತಾರ. ನೀರು ಕುಡದ ಇಂಜಿನ್ನಿಗೆ ತಳ್ಳೂದೂ ಒಂದೇ, ಸೆಲ್ಫ್ ಹೊಡಿಯೂದೂ ಒಂದೇ. ಎರಡರಾಗೂ ಪಿಚಕಾರಿ ದಂಡಿ ತಿರಗತೈತಿ. ಅಟೋಮ್ಯಾಟಿಕ್ ಗಾಡಿ ಅಂತೂ ಎಷ್ಟು ತಳ್ಳಿದ್ರೂ ಚಾಲೂ ಆಗಂಗಿಲ್ಲ. ಆ ಹುಡುಗರಿಗೆ ಚಹಾ ಕೊಟ್ಟು ಕಳಸ್ರಿ.

ಇನ್ನ ಎರಡನೇ ಮಾತು. ಕಾರು ನೀರಾಗ ನಿಂತಿಲ್ಲ, ಬರೇ ಮ್ಯಾಲಿಂದ ಮಳಿ ತೊಯ್ಸೈತಿ, ಆದ್ರೂ ಚಾಲೂ ಆಗವಲ್ದು. ಇದು ಬ್ಯಾರೆ ಜಡ್ಡು, ಇದಕ್ಕ ಹೆದರಬೇಕಾಗಿಲ್ಲ. ಇಲ್ಲೆ ಕಿವಿ ಕೊಟ್ಟು ಕೇಳಬೇಕು. ಕುಕ್ಕರಿನ ಸೀಟಿ ಎಣಸೂ ಕಿವಿಗೆ ಇದು ಕಠಿಣ ಅಲ್ಲ.

ಚಾವಿ ತಿರುವಿದ್ರ ಸಪ್ಪಳನೇ ಇಲ್ಲ, ಮುಂದಿನ ದೀಪಾನೂ ಹತ್ತವಲ್ದು ಅಂದ್ರ ಬ್ಯಾಟರಿ ಸತ್ತೈತಿ, ಇಲ್ಲಾ ಅದರ ತಂತಿ ಸಡಿಲ ಆಗೈತಿ. ಟಕಟಕಟಕ ಅಂತ ಲಗೂ ಲಗೂ ಬಡಕೊಂಡ್ರ ಬ್ಯಾಟರ್‍ಯಾಗ ಜೀವ ಐತಿ, ಶಕ್ತಿ ಇಲ್ಲ. ದೀಪ ಛಲೋ ಹತ್ತತಾವು, ಒಂದೇ ಸಲ ಟಕ್ ಅಂದು ಸುಮ್ಮನಾಗತೈತಿ ಅಂದ್ರ ಸ್ಟಾರ್ಟರ್ ಮೋಟಾರಿನ ಕಡೆ ಬೆರಳು ತೋರಸ್ರಿ. ಆದ್ರ ನೀರಿನ ಸಂಶೆ ಒಂಚೂರು ಇದ್ರೂ ಇದೇ ಸಪ್ಪಳ ಇಂಜಿನ್ ಬಿಗಿದದ್ದರದೂ ಆಗಿರಬಹುದು, ಎರಡನೇ ಸಲ ತಿರುವಬ್ಯಾಡ್ರಿ. ರ್ರ್ರ್ ರ್ರ್ರ್ ಅಂತ ಛಲೋ ತಿರಗತೈತಿ, ಆದ್ರ ಹತ್ತವಲ್ದು ಅಂದ್ರ ಕಿಡಿ ಇಲ್ಲಾ ಇಂಧನ ಮುಟ್ಟವಲ್ದು. ಒದ್ದಿ ಕಡ್ಡಿಪೆಟಗಿ ಎಷ್ಟು ಗೀರಿದ್ರೂ ಹತ್ತಂಗಿಲ್ಲಲ್ಲ, ಹಂಗ.

ಇದಕ್ಕೂ ಮೊದಲ ಸಣ್ಣ ಸಣ್ಣವು ನೋಡಿಕೋರಿ. ಕ್ಲಚ್ ಪೂರ್ತಿ ಒತ್ತೀರೇನು? ಅಟೋಮ್ಯಾಟಿಕ್ ಇದ್ರ ಗೇರು ‘ಪಿ’ ಮ್ಯಾಲೆ ಐತೇನು? ಬಟನ್ ಒತ್ತೂ ಕಾರಿದ್ರ ಚಾವಿ ಒಳಗಿನ ಸಣ್ಣ ಸೆಲ್ ತೀರೈತೇನು? ತೀರಿದ್ರ ಎಷ್ಟೋ ಕಾರಿನ್ಯಾಗ ಚಾವೀನೇ ಬಟನ್ನಿಗೆ ಹಚ್ಚಿ ಹಿಡದ್ರ ಚಾಲೂ ಆಗತಾವು.

ಬ್ಯಾಟರಿ ತುದಿ ಮ್ಯಾಲೆ ಬೆಳ್ಳಗ, ಹಸರಗ ಬೂಸಟಿ ಹತ್ತಿದಂಗ ಪುಡಿ ಕುಂತಿರತೈತಿ. ಮಳಿಗಾಲದಾಗ ಅದು ಇನ್ನೂ ಲಗೂ ಬೆಳೀತೈತಿ. ಕಪ್ಪು ತಂತಿ ಮೊದಲ, ಕೆಂಪು ಆಮ್ಯಾಲೆ ಬಿಚ್ಚಿ, ಬಿಸಿ ನೀರಾಗ ಅಡಗಿ ಸೋಡಾ ಕಲಿಸಿ ಹಳೆ ಹಲ್ಲಿನ ಬ್ರಶ್ಶಿನಿಂದ ತಿಕ್ಕಿದ್ರ ಹೋಗತೈತಿ. ಒಣಾ ಅರಬಿಯಿಂದ ಒರಸಿ, ಕೆಂಪು ಮೊದಲ, ಕಪ್ಪು ಕಡೀಕ ಬಿಗಿದು, ಮ್ಯಾಲೆ ಒಂದೀಟು ವ್ಯಾಸಲಿನ್ ಹಚ್ಚರಿ. ಕೈಗೆ ರಬ್ಬರ್ ಚೀಲ ಇರಲಿ, ಆ ಪುಡಿ ಕಣ್ಣಿಗೆ, ಚರ್ಮಕ್ಕ ಛಲೋದಲ್ಲ. ಇದು ಬಚ್ಚಲದ ನಳ ತಿಕ್ಕಿದಷ್ಟು ಕೆಲಸ. ಇಷ್ಟಕ್ಕ ಒಬ್ಬವ ಬಂದು ನೋಟು ಎಣಿಸಿಕೊಂಡು ಹೋಗತಾನ.

ಮಲ್ಟಿಮೀಟರ್ ಅನ್ನೂ ಸಣ್ಣ ಯಂತ್ರ ಎಲೆಕ್ಟ್ರಿಕ್ ಅಂಗಡ್ಯಾಗ ಸಿಗತೈತಿ. ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದ್ರ ತುಂಬೈತಿ, 12ಕ್ಕ ಇಳದಿದ್ರ ಬಸದು ಹೋಗೈತಿ. ಇನ್ನೊಂದು ಕಾರಿನಿಂದ ಜೀವ ಕೊಡೂದಿದ್ರ ಕ್ರಮ ನೆನಪಿಡ್ರಿ: ಕೆಂಪು ತಂತಿ ಮೊದಲ ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮ್ಯಾಲೆ ಛಲೋ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ತಂತಿ ಛಲೋ ಬ್ಯಾಟರಿಯ ಮೈನಸ್‌ಗೆ, ಅದರ ಇನ್ನೊಂದು ತುದಿ ಸತ್ತ ಕಾರಿನ ಇಂಜಿನ್ ಮ್ಯಾಲಿನ ಬತ್ತಲ ಲೋಹಕ್ಕ, ಬ್ಯಾಟರಿಯಿಂದ ದೂರ. ಕಡೀ ತಂತಿ ಮುಟ್ಟಸೂ ಮುಂದ ಕಿಡಿ ಹಾರತೈತಿ, ಬ್ಯಾಟರಿ ಹತ್ರ ಹತ್ತಿಕೊಳ್ಳೂ ಗಾಳಿ ಇರತೈತಿ, ಅದಕ್ಕ ದೂರ. ಐದು ಮಿನಿಟು ಬಿಟ್ಟು ಚಾಲೂ ಮಾಡ್ರಿ. ತಗಿಯೂ ಮುಂದ ಇದರ ಉಲ್ಟಾ. ಬ್ಯಾಟರಿ ಉಬ್ಬಿದ್ರ, ಒಡದು ಸೋರತಿದ್ರ ಈ ಆಟ ಬ್ಯಾಡ.

ತಿರಗತೈತಿ, ಹತ್ತವಲ್ದು ಅನ್ನೂ ಕಾರಿನ ಕಥಿ ಹೆಚ್ಚಾಗಿ ಹಸಿಯಿಂದ. ಹಳೆ ಮಾರುತಿ 800, ಅಂಬಾಸಿಡರ್, ಪದ್ಮಿನಿ ಇದ್ದ ಕಾಲಕ್ಕ ಡಿಸ್ಟ್ರಿಬ್ಯೂಟರ್ ಮುಚ್ಚಳ ತಗದು ಒಣಾ ಅರಬಿಯಿಂದ ಒರಸಿದ್ರ ಗಾಡಿ ಹತ್ತತಿತ್ತು. ಈಗಿನ ಗಾಡ್ಯಾಗ ಆ ಮುಚ್ಚಳ ಇಲ್ಲ, ಪ್ಲಗ್ಗಿನ ಮ್ಯಾಲೆ ಕಾಯಿಲ್ ಕುಂತಿರತೈತಿ, ಆ ಕುಣ್ಯಾಗ ನೀರು ಇಳದ್ರ ಕಿಡಿ ಹಾರಂಗಿಲ್ಲ. ಡಬ್ಲ್ಯುಡಿ-40 ಅಂತ ನೀಲಿ ಡಬ್ಬಿ ಸಿಗತೈತಲ್ಲ, ಆ ಹೆಸರಿನ ಮೊದಲ ಎರಡಕ್ಷರದ ಅರ್ಥನೇ ನೀರು ಸರಸೂದು. ಇಂಜಿನ್ ತಣ್ಣಗಿದ್ದಾಗ, ಚಾವಿ ಹೊರಗ ಇದ್ದಾಗ ತಂತಿ ಜೋಡಣಿ ಮ್ಯಾಲೆ ಹೊಡದು, ಆರಾಕ ಬಿಡ್ರಿ. ಅದು ಬೆಂಕಿಗೆ ಹತ್ತೂ ಪದಾರ್ಥ, ಊದಿನಕಡ್ಡಿ ಹಚ್ಚಿ ಪೂಜಿ ಮಾಡಿಕೊಂತ ಹೊಡಿಯಬ್ಯಾಡ್ರಿ. ಬಿಸಲು ಬಿದ್ರ ಬಾನೆಟ್ ತಗದು ಎರಡು ತಾಸು ಬಿಡ್ರಿ, ಹಪ್ಪಳ ಒಣಗಿಸಿದಂಗ. ಎಷ್ಟೋ ಗಾಡಿ ಇಷ್ಟಕ್ಕ ಹತ್ತತಾವು. ಸೆಲ್ಫ್ ತಿರುವಿದ್ರೂ ಐದಾರು ಸೆಕೆಂಡಿನ ಮ್ಯಾಲೆ ಬ್ಯಾಡ, ನಡುವ ಒಂದು ಮಿನಿಟು ತಡೀರಿ, ಮೂರು ಸಲಕ್ಕ ಹತ್ತಲಿಲ್ಲಂದ್ರ ಬಿಟ್ಟು ಬಿಡ್ರಿ. ಇಲ್ಲಂದ್ರ ಕಿಡಿಯ ಜಡ್ಡಿಗೆ ಬ್ಯಾಟರಿಯ ಜಡ್ಡೂ ಕೂಡತೈತಿ.

ಇನ್ನೊಂದು ಕಾರಣ ಗಂಡಸರು ಯಾವತ್ತೂ ನೋಡದ್ದು, ನಾವು ಒಂದು ಕಣ್ಣಿಗೆ ಹಿಡಿಯೂದು. ಮುಂದಿನ ಗಾಜಿನ ಕೆಳಗ, ವೈಪರಿನ ಬುಡಕ್ಕ ಒಂದು ಉದ್ದನ ಮೋರಿ ಐತಿ. ಮಳಿ ನೀರು ಅಲ್ಲಿಂದ ಎರಡೂ ಬದಿ ಇಳದು ಹೋಗಬೇಕು. ಬೇವಿನ ಗಿಡದ ಕೆಳಗ, ಹೊಂಗಿ ಗಿಡದ ಕೆಳಗ ನಿಂತ ಕಾರಿನ ಆ ಮೋರ್‍ಯಾಗ ಎಲಿ ಕೊಳತು ಗೊಬ್ಬರ ಆಗಿರತೈತಿ. ಬಚ್ಚಲ ಕಟ್ಟಿದ್ರ ನೀರು ಅಡಗಿಮನಿಗೆ ಬರೂವಂಗ, ಆ ನೀರು ಡ್ಯಾಶ್‌ಬೋರ್ಡಿನ ಒಳಗ, ಫ್ಯೂಸಿನ ಪೆಟಗಿ ಕಡೆ ಹಾದಿ ಹಿಡೀತೈತಿ. ಎಂಟು ದಿನಕ್ಕೊಮ್ಮೆ ಎಲಿ ಆರಿಸಿ ತಗಿಯೂದು ಅಂಗಳ ಕಸ ಹೊಡದಷ್ಟೂ ಕೆಲಸ ಅಲ್ಲ. ಮಳಿಗಾಲದಾಗ ಇಲಿ ಬೆಚ್ಚಗಿನ ಜಾಗಾ ಹುಡುಕಿಕೊಂಡು ಬಾನೆಟ್ಟಿನ್ಯಾಗ ಬಂದು ತಂತಿ ಕಡೀತಾವು. ಇಂಜಿನ್ ಮ್ಯಾಲೆ ಶೇಂಗಾ ಸಿಪ್ಪಿ, ಹಿಕ್ಕಿ ಕಂಡ್ರ ಕಳ್ಳ ಯಾರು ಅಂತ ಮೆಕ್ಯಾನಿಕ್‌ಗಿಂತ ಮೊದಲ ನೀವೇ ಹೇಳಬಹುದು.

ರೊಕ್ಕದ ಮಾತಿಗೆ ಬರೂಣು. ವಿಮಾ ಕಾಗದ ಗಂಡನ ಕಪಾಟಿನ್ಯಾಗ ಇರತೈತಿ, ನಾವು ನೋಡಿರಂಗಿಲ್ಲ. ಈ ವಾರ ತಗದು ಓದ್ರಿ. ಬರೇ ಥರ್ಡ್ ಪಾರ್ಟಿ ಇದ್ರ, ಅದು ಕಾಯ್ದೆಕ್ಕ ಬೇಕಾದಷ್ಟು ಮಾತ್ರ, ನೀರಿನಿಂದ ನಮ್ಮ ಕಾರಿಗೆ ಆದ ಹಾನಿಗೆ ಒಂದು ರೂಪಾಯಿ ಬರಂಗಿಲ್ಲ. ಪೂರ್ತಿ ವಿಮಾ ಇದ್ರ ಪ್ರವಾಹದ ಹಾನಿ ಅದರಾಗ ಬರತೈತಿ. ಆದ್ರ ನೀರು ಹೊಕ್ಕ ಮ್ಯಾಲೆ ಚಾವಿ ತಿರುವಿ ಇಂಜಿನ್ ಕೆಟ್ರ ಅದು ಆಮ್ಯಾಲಿನ ಹಾನಿ ಅಂತ ಸಾಮಾನ್ಯ ಪಾಲಿಸಿಯಾಗ ಹೊರಗ ಇಡತಾರ. ಇಂಜಿನ್ ಪ್ರೊಟೆಕ್ಷನ್ ಅಂತ ಒಂದು ಕಟ್ಟಪತ್ತಿ ಬ್ಯಾರೆ ತಗೊಂಡಿರಬೇಕು. ಅದು ಐತೋ ಇಲ್ಲೋ ಅಂತ ಮಳಿ ಬರೂಕಿಂತ ಮೊದಲ ನೋಡೂದು ಶ್ಯಾಣೆತನ. ಮನಿಗೆ ಬೆಂಕಿ ಬಿದ್ದಾಗ ಬಾವಿ ತೋಡಿದ್ರ ಏನು ಬಂತು? ನೀರು ಹೊಕ್ಕ ಕಾರಿನ ಫೋಟೋ, ಕೆಸರಿನ ಗೆರಿ ಕಾಣೂವಂಗ, ಮೊದಲ ತಗೋರಿ. ಆಮ್ಯಾಲೆ ಕಂಪನಿಗೆ ಫೋನ್ ಹಚ್ರಿ. ಗ್ಯಾರೇಜಿಗೆ ಒಯ್ಯೂದು ಅದರ ನಂತರ.

ಇಲ್ಲಿ ಮಟ ಬಿಲ್ವಾರದ ಮಾತಾತು. ಬಿಲ್ವಾರ ಹೋದ್ರ ಬಿಡಿಸಿಕೊಂಡು ಬರಬಹುದು. ಬರಲಾರದ್ದೂ ಒಂದೈತಿ.

2023ರ ಮೇ 21ಕ್ಕ ಬೆಂಗಳೂರಾಗ ದೊಡ್ಡ ಮಳಿ ಆತು. ಕೆ.ಆರ್. ಸರ್ಕಲ್ಲಿನ ಅಂಡರ್‌ಪಾಸಿನ್ಯಾಗ ತುಂಬಿದ ನೀರಾಗ ಒಂದು ಕಾರು ಇಳೀತು, ನಡುವ ನಿಂತು ಮುಳುಗಿತು. ಒಳಗಿದ್ದ ಉಳಿದವರನ್ನ ಹೊರಗ ತಗದ್ರು. 22 ವರ್ಷದ ಹುಡುಗಿ ಒಬ್ಬಾಕಿ ಉಳೀಲಿಲ್ಲ. ವಿಧಾನಸೌಧ ಕಾಣೂ ಜಾಗಾ ಅದು, ಕಾಡಲ್ಲ, ಹೊಳಿಯಲ್ಲ. 2019ರ ಆಗಸ್ಟ್‌ನ್ಯಾಗ ನಮ್ಮ ಕಡೆ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಉಕ್ಕಿದ್ದನ್ನ ನಾವೆಲ್ಲ ನೋಡೇವಿ. ನವಲಗುಂದದ ಕಡೆಯವರಿಗೆ ಬೆಣ್ಣಿಹಳ್ಳದ ಸಿಟ್ಟು ನಾ ಹೇಳಬೇಕಾಗಿಲ್ಲ. ಹರಿಯೂ ನೀರು ಒಂದು ಫೂಟು ಇದ್ರ ಸಣ್ಣ ಕಾರನ್ನ ತೇಲಿಸಿ ಒಯ್ಯತೈತಿ, ಎರಡು ಫೂಟು ಇದ್ರ ದೊಡ್ಡ ಗಾಡಿನೂ ಬಿಡಂಗಿಲ್ಲ. ‘ನಮ್ಮದು ಎತ್ತರದ ಗಾಡಿ’ ಅನ್ನೂ ಜಂಬ ಹಳ್ಳಕ್ಕ ಗೊತ್ತಾಗಂಗಿಲ್ಲ.

ಅದಕ್ಕ ಕಾರಿನ್ಯಾಗ ಕುಂತಾಗೂ ನಮ್ಮ ಬಾಯಿ ಬಂದ್ ಇರಬಾರದು. ತಳ ಕಾಣದ ನೀರು ಎದುರಿಗೆ ಬಂದ್ರ ‘ನಿಲ್ಲಸ್ರಿ, ನಾವು ಇಳೀತೀವಿ’ ಅನ್ರಿ. ಸಿಟ್ಟು ಬಂದ್ರ ಬರಲಿ. ಮುನಿಸು ಎರಡು ದಿನದ್ದು. ಕಾರು ನೀರಾಗ ನಿಂತೇ ಬಿಟ್ರ ಮತ್ತ ಚಾಲೂ ಮಾಡಾಕ ಹೋಗಬ್ಯಾಡ್ರಿ. ಬೆಲ್ಟ್ ಬಿಚ್ಚಿ, ಕರೆಂಟು ಇರೂತನಕ ಕಿಟಕಿ ಗಾಜು ಇಳಿಸಿ, ಸಣ್ಣವರನ್ನ ಮೊದಲ ಹೊರಗ ಹಾಕ್ರಿ. ನೀರು ಏರಿದಮ್ಯಾಲೆ ಅದರ ಒತ್ತಕ್ಕ ಬಾಗಿಲಾ ತಗಿಯಾಕ ಬರಂಗಿಲ್ಲ, ಕಿಟಕೀನೇ ದಾರಿ. ಒಡಿಯೂದಿದ್ರ ಬದಿ ಗಾಜು, ಮುಂದಿನದು ಲಗೂ ಒಡಿಯಂಗಿಲ್ಲ.

ಈಗ ನಿಮ್ಮ ತಕರಾರು ಕೇಳಸತೈತಿ. ‘ಫೋನ್ ಹಚ್ಚಿದ್ರ ಮೆಕ್ಯಾನಿಕ್ ಬರತಾನ, ನಮಗ್ಯಾಕ ಈ ಉಸಾಬರಿ?’ ಬರತಾನ್ರಿ, ಎರಡು ತಾಸಿಗೆ. ಅಕ್ಕನ ಮನಿ ಇಂಜಿನ್ ಕೆಟ್ಟದ್ದು ಎರಡು ಮಿನಿಟಿನ್ಯಾಗ. ಅವ ಬಂದಮ್ಯಾಲೂ ‘ಇಂಜಿನ್ ಬಿಚ್ಚಬೇಕು’ ಅಂದ್ರ ‘ಪ್ಲಗ್ ಬಿಚ್ಚಿ ನೀರು ನೋಡಿದ್ಯಾ? ಎಣ್ಣಿ ನೋಡಿದ್ಯಾ?’ ಅಂತ ಕೇಳೂ ಮನಿಗೂ, ಕೇಳದ ಮನಿಗೂ ಬಿಲ್ಲಿನ್ಯಾಗ ಫರಕು ಬೀಳತೈತಿ. ‘ಗಂಡಸರ ನಡುವ ಹೋಗಿ ಮಾತಾಡಿದ್ರ ಮಂದಿ ಏನಂತಾರ?’ ಅನ್ನವರಿಗೆ ನನ್ನ ಉತ್ತರ: ಮಂದಿ ಕಂತು ಕಟ್ಟಂಗಿಲ್ಲ. ‘ಕೈ ಹೊಲಸಾಗತಾವ’ ಅನ್ನವರಿಗೆ ಉತ್ತರನೇ ಬೇಕಾಗಿಲ್ಲ. ದಿನಾ ಮೀನು, ಬೂದಿ, ಬಟ್ಟಿ, ಕೂಸಿನ ದುಪ್ಪಟಿ ತೊಳಿಯೂ ಕೈಗೆ ಒಂದು ಹನಿ ಎಣ್ಣಿ ಭಾರ ಆಗತೈತೇನು?

ಒಂದು ಮಾತು ಗಂಡಸರ ಪರವಾಗೂ ಹೇಳಬೇಕು. ನಾಲ್ಕು ಮಂದಿ ನೋಡೂ ಮುಂದ ‘ನನಗ ಗೊತ್ತಿಲ್ಲ, ಮೆಕ್ಯಾನಿಕ್ ಬರಲಿ’ ಅನ್ನಾಕ ಅವರಿಗೆ ಯಾರೂ ಕಲಿಸಿಲ್ಲ. ಗೊತ್ತಿಲ್ಲದಿದ್ರೂ ಗೊತ್ತಿದ್ದವರಂಗ ಸೆಲ್ಫ್ ಹೊಡೀಬೇಕು, ಅದು ಅವರ ಮ್ಯಾಲಿನ ಹೊರಿ. ಆ ಹೊರಿ ಇಳಸೂ ಉಪಾಯನೂ ಇದೇ. ಮನ್ಯಾಗ ಇಬ್ಬರಿಗೂ ಗೊತ್ತಿದ್ರ, ಒಬ್ಬರ ಜಂಬಕ್ಕ ಮನಿ ರೊಕ್ಕ, ಮನಿ ಜೀವ ಬಲಿ ಕೊಡೂ ಪ್ರಸಂಗ ಬರಂಗಿಲ್ಲ.

ಬರೂ ಐತವಾರ ಒಂದು ತಾಸು ತಗೋರಿ. ಬಾನೆಟ್ ತಗಿಯೂ ಹಿಡಿಕಿ ಎಲ್ಲೈತಿ, ಬ್ಯಾಟರಿ ಯಾವುದು, ಗಾಳಿ ಫಿಲ್ಟರ್ ಯಾವುದು, ಎಣ್ಣಿ ಕಡ್ಡಿ ಯಾವುದು, ಕೈಲೆ ಮುಟ್ಟಿ ನೋಡ್ರಿ. ಡ್ಯಾಶ್‌ಬೋರ್ಡಿನ ಪೆಟಗ್ಯಾಗ ಪ್ಲಾಸ್ಟಿಕ್ ಸುದ್ದಾ ಹರೀದ ಕಂಪನಿ ಪುಸ್ತಕ ಬಿದ್ದಿರತೈತಿ, ಅದನ್ನ ಹೊರಗ ತಗೀರಿ. ವಿಮಾ ಕಂಪನಿ ನಂಬರ್, ಟೋ ಗಾಡಿ ನಂಬರ್ ನಿಮ್ಮ ಫೋನಿನ್ಯಾಗ ಬರಕೋರಿ, ಗಂಡನ ಫೋನಿನ್ಯಾಗ ಇದ್ರ ಸಾಲಂಗಿಲ್ಲ. ಹೆಣ್ಣುಹುಡುಗೂರನ್ನೂ ಬಾಜೂಕ ನಿಲ್ಲಿಸಿಕೋರಿ. ಅವರಿಗೆ ಉಂಡಿ ಕಟ್ಟಾಕ ಹೆಂಗ ಕಲಸತೀವೋ, ಇದನ್ನೂ ಹಂಗ ಕಲಸೂಣು.

ಮತ್ತ ಮುಂದಿನ ಮಳ್ಯಾಗ ಯಾರರ ‘ಇನ್ನೊಮ್ಮೆ ಹೊಡಿ’ ಅಂದ್ರ, ನೀವು ಚಾವಿ ಕೈಯಾಗ ಹಿಡಕೊಂಡು ಒಂದೇ ಪ್ರಶ್ನಿ ಕೇಳ್ರಿ: ‘ನೀರು ಎಲ್ಲಿ ಮಟ ಬಂದಿತ್ತು?’ ಉತ್ತರ ಬರೂತನಕ ಚಾವಿ ಬಿಡಬ್ಯಾಡ್ರಿ.